ಓದುಗರ ಪ್ರಶ್ನೆ – ಉತ್ತರ: ಮಳೆಯ ನಾಡಿನಲ್ಲಿ ಸ್ಕೇಲ್ ಫಿಗರ್‌ಗಳ ಜೋಪಾನ

ವಿಡಿಯೊ ಗೇಮ್ ಪಾತ್ರಗಳ ಪುಟ್ಟ ಪ್ರತಿಮೆಗಳಾದ ಫಿಗರ್‌ಗಳನ್ನು ಕೂಡಿಡುವವರು ತಮ್ಮ ಸಂದೇಹಗಳನ್ನು ಬರೆದು ಕಳುಹಿಸಬಹುದೆಂದು ಹಿಂದಿನ ಸಂಚಿಕೆಯಲ್ಲಿ ಕೇಳಿಕೊಂಡಿದ್ದೆ. ಬಂದ ಪತ್ರಗಳಲ್ಲಿ ಕೊಡಗಿನವನ್ನು ಮಾತ್ರ ಈ ಬಾರಿ ಆರಿಸಿಕೊಂಡಿದ್ದೇನೆ. ನಾನೂ ಮಡಿಕೇರಿಯ ಸಮೀಪದ ತೋಟದ ಮನೆಯಲ್ಲಿರುವವನಾದ್ದರಿಂದ, ಬೇರೆ ಊರಿನವರಿಗೆ ಹೇಳುವ ಉತ್ತರ ಇಲ್ಲಿನ ಜೂನ್, ಜುಲೈ ತಿಂಗಳುಗಳಿಗೆ ಒಗ್ಗುವುದಿಲ್ಲವೆಂಬುದು ಅನುಭವದಿಂದ ತಿಳಿದಿದೆ.

ಪ್ರಶ್ನೆ: ನಾನು ಪದವಿಯ ಕೊನೆಯ ವರ್ಷದ ವಿದ್ಯಾರ್ಥಿ. ‘ಬ್ರೆತ್ ಆಫ್ ದ ವೈಲ್ಡ್’ ಆಟದ ಲಿಂಕ್ ನನ್ನ ಅಚ್ಚುಮೆಚ್ಚಿನ ಪಾತ್ರ. ಅವನ ಫಿಗರ್ ಒಂದನ್ನು ಕೊಳ್ಳಬೇಕೆಂದು ಹಣ ಕೂಡಿಸುತ್ತಿದ್ದೇನೆ. 1/7, 1/8, ನಾನ್‌ಸ್ಕೇಲ್ ಎಂದು ಬರೆದಿರುವುದರ ಅರ್ಥವೇನು? ಯಾವುದರಿಂದ ಶುರು ಮಾಡಲಿ? – ವಿರಾಜಪೇಟೆಯ ಓದುಗ

ಉತ್ತರ: ಪಾತ್ರದ ನಿಜವಾದ ಎತ್ತರವನ್ನು ಎಷ್ಟು ಪಾಲು ಮಾಡಲಾಗಿದೆ ಎಂಬುದನ್ನು ಆ ಅಂಕಿ ಹೇಳುತ್ತದೆ. 168 ಸೆಂ.ಮೀ. ಎತ್ತರದ ಪಾತ್ರವಾದರೆ 1/6ರಲ್ಲಿ ಅದು 28 ಸೆಂ.ಮೀ., 1/7ರಲ್ಲಿ 24 ಸೆಂ.ಮೀ., 1/8ರಲ್ಲಿ 21 ಸೆಂ.ಮೀ. ಆಗುತ್ತದೆ, 1/4ಕ್ಕೆ ಹೋದರೆ 42 ಸೆಂ.ಮೀ. ಆಗಿ, ಸಾಮಾನ್ಯ ಷೋಕೇಸಿನ ಒಂದು ಅಂಕಣದಲ್ಲಿ ನಿಲ್ಲುವುದೇ ಕಷ್ಟವಾಗುತ್ತದೆ. ನೆನಪಿಡಬೇಕಾದದ್ದೆಂದರೆ ಈ ಲೆಕ್ಕ ನೆಟ್ಟಗೆ ನಿಂತ ದೇಹಕ್ಕೆ ಸಂಬಂಧಿಸಿದ್ದು. ಮಂಡಿಯೂರಿ ಬಿಲ್ಲು ಹೆದೆಯೇರಿಸಿದ ಭಂಗಿಯಾದರೆ ಎತ್ತರ ಕಡಿಮೆಯಾಗಿ ಅಗಲ ಹೆಚ್ಚುತ್ತದೆ, ಕೆಳಗಿನ ಪೀಠದ ಎತ್ತರ ಬೇರೆಯಾಗಿ ಸೇರಿಕೊಳ್ಳುತ್ತದೆ. ಆದ್ದರಿಂದ ಹಣ ಕಟ್ಟುವ ಮೊದಲು ಮಾರಾಟಗಾರರು ಕೊಟ್ಟಿರುವ ಎತ್ತರ, ಅಗಲ, ಆಳಗಳನ್ನು ನೋಡಿಕೊಂಡು, ಹಳೆಯ ಪತ್ರಿಕೆಯನ್ನು ಆ ಅಳತೆಗೆ ಕತ್ತರಿಸಿ, ಫಿಗರ್ ನಿಲ್ಲಬೇಕಾದ ಜಾಗದಲ್ಲಿ ಎರಡು ದಿನ ನಿಲ್ಲಿಸಿ ನೋಡಿ. ಎಷ್ಟೋ ಜನ ಈ ಒಂದು ಕೆಲಸ ಮಾಡದೆ, ಬಂದ ಪೆಟ್ಟಿಗೆಯನ್ನು ಬಿಚ್ಚಿದ ದಿನವೇ ಜಾಗ ಸಾಲದೆ ಪೇಚಾಡಿದ್ದಾರೆ.

ನಾನ್‌ಸ್ಕೇಲ್ ಎಂದರೆ ಇಂಥ ಪ್ರಮಾಣಕ್ಕೆ ಕಟ್ಟುಬೀಳದೆ ತಯಾರಿಸಿದ್ದು. ಫಿಗರ್ ತಯಾರಿಸುವ ಜಪಾನಿನ ಗುಡ್ ಸ್ಮೈಲ್ ಸಂಸ್ಥೆ 2006ರಿಂದ ಹೊರತರುತ್ತಿರುವ, ದೊಡ್ಡ ತಲೆಯ, ಸುಮಾರು 10 ಸೆಂ.ಮೀ. ಎತ್ತರದ ನೆಂಡೊರಾಯ್ಡ್‌ಗಳು, ಅದೇ ಸಂಸ್ಥೆ 2019ರಲ್ಲಿ ಕಡಿಮೆ ಬೆಲೆಗೆಂದು ಆರಂಭಿಸಿದ ಪಾಪ್ ಅಪ್ ಪರೇಡ್ ಸಾಲು, ಜಪಾನಿನ ಕ್ರೇನ್ ಯಂತ್ರಗಳಲ್ಲಿ ಗೆಲ್ಲಲೆಂದೇ ತಯಾರಾಗುವ ಪ್ರೈಜ್ ಫಿಗರ್‌ಗಳು, ಎಲ್ಲವೂ ಈ ಗುಂಪಿಗೆ ಸೇರುತ್ತವೆ. ಮ್ಯಾಕ್ಸ್ ಫ್ಯಾಕ್ಟರಿಯ ಫಿಗ್ಮಾ 2008ರಲ್ಲಿ ಬಂತು. ಅದರ ಕೀಲುಗಳು ಮಡಚುವುದರಿಂದ ಭಂಗಿಯನ್ನು ನಾವೇ ಬದಲಿಸಬಹುದು. ಸ್ಕೇಲ್ ಫಿಗರ್‌ಗೆ ಒಂದೇ ಭಂಗಿ. ಆ ಒಂದು ಭಂಗಿಗೆ ಬೇಕಾದ ಬಟ್ಟೆಯ ಸುಕ್ಕು, ಕೂದಲ ಹಾರಾಟ, ಬೆರಳುಗಳ ಹಿಡಿತವನ್ನು ಶಿಲ್ಪಿ ಕೂಲಂಕಷವಾಗಿ ಕಟ್ಟಿರುವುದೇ ಅದರ ಬೆಲೆ ಹೆಚ್ಚಿರುವುದಕ್ಕೆ ಮುಖ್ಯ ಕಾರಣ.

ಲಿಂಕ್‌ನ ವಿಷಯಕ್ಕೆ ಬಂದರೆ, ಅವನಿರುವ ‘ದ ಲೆಜೆಂಡ್ ಆಫ್ ಜೆಲ್ಡಾ’ ಆಟಮಾಲೆಯ ‘ಸ್ಕೈವರ್ಡ್ ಸ್ವೋರ್ಡ್’ ಆಟದ ರೂಪದಲ್ಲಿ ಗುಡ್ ಸ್ಮೈಲ್ ಒಂದು 1/7 ಫಿಗರ್ ತಂದಿತ್ತು. ನೀವು ಇಷ್ಟಪಟ್ಟಿರುವ, 2017ರ ಮಾರ್ಚ್ 3ರಂದು ಬಿಡುಗಡೆಯಾದ ಆಟದ ಲಿಂಕ್‌ನನ್ನು ನೆಂಡೊರಾಯ್ಡ್ ರೂಪದಲ್ಲಿಯೂ, ಫಸ್ಟ್ ಫೋರ್ ಫಿಗರ್ಸ್ ಸಂಸ್ಥೆಯ ಸುಮಾರು 25 ಸೆಂ.ಮೀ. ಎತ್ತರದ ಪಿವಿಸಿ ಪ್ಲಾಸ್ಟಿಕ್ ಪ್ರತಿಮೆಯ ರೂಪದಲ್ಲಿಯೂ ಕಾಣಬಹುದು. ಆಡಿರದ ಆಟದ ಫಿಗರ್ ಎಷ್ಟೇ ಚೆಂದವಿದ್ದರೂ ಮೊದಲನೆಯದಾಗಿ ಅದನ್ನು ಕೊಳ್ಳಬೇಡಿ ಎಂಬುದು ನನ್ನ ಖಚಿತವಾದ ಅಭಿಪ್ರಾಯ. ನೀಲಿ ಅಂಗಿಯ ಆ ಹುಡುಗ ಮಳೆ ಬಂದರೆ ಬಂಡೆ ಹತ್ತಲಾಗದೆ ಜಾರಿ ಜಾರಿ ಬೀಳುವುದನ್ನು ನೀವು ಆಡುತ್ತಾ ನೋಡಿದ್ದೀರಿ. ನಮ್ಮ ಬರೆಗಳನ್ನು (ಗುಡ್ಡದ ಕಡಿದಾದ ಬದಿಗಳನ್ನು) ಮಳೆಗಾಲದಲ್ಲಿ ಹತ್ತಿ ಬಲ್ಲವರಿಗೆ ಆ ಜಾರುವಿಕೆ ಎಷ್ಟು ನಿಜವೆಂದು ಗೊತ್ತು. ಷೋಕೇಸಿನ ಮುಂದೆ ನಿಂತಾಗ ಮನಸ್ಸಿಗೆ ಬರುವುದು ಅಂಥ ಗಳಿಗೆಗಳೇ. ಒಂದು ಸಣ್ಣ ಗುರುತನ್ನೂ ಹೇಳಿಬಿಡುತ್ತೇನೆ: 1998ರ ‘ಒಕರಿನಾ ಆಫ್ ಟೈಮ್’ ಆಟದಲ್ಲಿ ಲಿಂಕ್ ಎಡಚ, ‘ಸ್ಕೈವರ್ಡ್ ಸ್ವೋರ್ಡ್’ ಮತ್ತು ‘ಬ್ರೆತ್ ಆಫ್ ದ ವೈಲ್ಡ್’ ಆಟಗಳಲ್ಲಿ ಕತ್ತಿ ಬಲಗೈಯಲ್ಲಿದೆ. ಫಿಗರ್ ಯಾವ ಆಟಕ್ಕೆ ಸೇರಿದ್ದೆಂದು ತಿಳಿಯಲು ನಾನು ಮೊದಲು ನೋಡುವುದು ಕೈಯನ್ನೇ.

ಮೊದಲ ಸಲಕ್ಕೆ ಪಿವಿಸಿಯದನ್ನೇ ಆರಿಸಿ. ರೆಸಿನ್ (ಎರಕ ಹೊಯ್ದು ಗಟ್ಟಿಯಾಗಿಸುವ ರಾಳ) ಪ್ರತಿಮೆಗಳು ನೋಡಲು ಗಂಭೀರವಾಗಿದ್ದರೂ ಭಾರ ಹೆಚ್ಚು, ಬಿದ್ದರೆ ಒಡೆಯುತ್ತವೆ, ನೀರಿನಲ್ಲಿ ತೊಳೆಯಲೂ ಆಗುವುದಿಲ್ಲ. ಈ ಕೊನೆಯ ಕೊರತೆ ನಮ್ಮ ಜಿಲ್ಲೆಯಲ್ಲಿ ಎಷ್ಟು ದೊಡ್ಡದೆಂಬುದು ಮುಂದಿನ ಪತ್ರದಿಂದ ತಿಳಿಯುತ್ತದೆ.

ಪ್ರಶ್ನೆ: ನನ್ನಲ್ಲಿ ಮೂರು ಫಿಗರ್‌ಗಳಿವೆ. ಕಳೆದ ಜುಲೈಯಲ್ಲಿ ಒಂದರ ಮೈಯೆಲ್ಲ ಅಂಟಂಟಾಯಿತು. ಇನ್ನೊಂದರ ಮೇಲಂಗಿಯ ಮಡಿಕೆಗಳಲ್ಲಿ ಬಿಳಿ ಬೂಷ್ಟು ಹಿಡಿಯಿತು. ಒಣಗಲೆಂದು ಎರಡನ್ನೂ ರೂಮ್ ಹೀಟರಿನ ಪಕ್ಕ ಇಟ್ಟೆ. ಈಗ ಒಂದು ಮುಂದಕ್ಕೆ ವಾಲಿಕೊಂಡಿದೆ. ಇಷ್ಟೊಂದು ಮಳೆ ಬೀಳುವ ಊರಿನಲ್ಲಿ ಇವನ್ನು ಇಟ್ಟುಕೊಳ್ಳುವುದೇ ತಪ್ಪೇ? – ಮಡಿಕೇರಿಯ ಓದುಗರು

ಉತ್ತರ: ತಪ್ಪಲ್ಲ. ನಿಮ್ಮ ಪತ್ರದಲ್ಲಿರುವುದು ಮೂರು ಬೇರೆ ಬೇರೆ ತೊಂದರೆಗಳು. ಮಳೆಯ ಮೇಲೆ ಮೂರನ್ನೂ ಹೊರಿಸಿದ್ದರಿಂದ ಒಂದಕ್ಕೆ ಮಾಡಿದ ಮದ್ದು ಇನ್ನೊಂದಕ್ಕೆ ರೋಗವಾಯಿತು.

ಅಂಟಿನ ವಿಚಾರವನ್ನು ಮೊದಲು ನೋಡೋಣ. ಪಿವಿಸಿ ಹುಟ್ಟಿನಿಂದ ಗಡಸು ಪ್ಲಾಸ್ಟಿಕ್. ಮೇಲಂಗಿಯ ಅಂಚು, ಕೂದಲ ಎಳೆಗಳಂಥ ತೆಳುಭಾಗಗಳು ಮುರಿಯದಿರಲೆಂದು ಅದಕ್ಕೆ ಪ್ಲಾಸ್ಟಿಸೈಜರ್ ಎಂಬ ಮೆದುಕಾರಕವನ್ನು ಬೆರೆಸುತ್ತಾರೆ. ಅದು ಪ್ಲಾಸ್ಟಿಕ್ಕಿನೊಂದಿಗೆ ರಾಸಾಯನಿಕವಾಗಿ ಬೆಸೆದುಕೊಂಡಿರುವುದಿಲ್ಲ, ಬೆರೆತಿರುತ್ತದೆ ಅಷ್ಟೆ. ಆದ್ದರಿಂದ ವರ್ಷಗಳು ಕಳೆದಂತೆ ನಿಧಾನವಾಗಿ ಮೇಲಕ್ಕೆ ಒಸರುತ್ತದೆ. ಗಾಳಿಯಾಡದ ಪೆಟ್ಟಿಗೆಯೊಳಗೆ ಪ್ಲಾಸ್ಟಿಕ್ ಹೊದಿಕೆ ಸುತ್ತಿಟ್ಟ ಫಿಗರ್‌ಗಳಲ್ಲಿ ಆ ಒಸರು ಹೊರಹೋಗಲು ದಾರಿಯಿಲ್ಲದೆ ಮೈಮೇಲೆಯೇ ಜಿಗುಟಾಗಿ ನಿಲ್ಲುತ್ತದೆ. ಮಳೆಗೆ ಹೆದರಿ ಫಿಗರನ್ನು ಬಿಗಿಯಾಗಿ ಕಟ್ಟಿ ಅಲಮಾರಿಗೆ ಸೇರಿಸುವವರಲ್ಲೇ ಈ ಅಂಟು ಹೆಚ್ಚಾಗಿ ಕಾಣುವುದಕ್ಕೆ ಕಾರಣ ಇದು.

ಬೂಷ್ಟಿನ ಬೇರು ಇಲ್ಲಿಗೇ ಬಂದು ಸೇರುತ್ತದೆ. ಬರಿಯ ಗಡಸು ಪಿವಿಸಿ ಬೂಷ್ಟಿಗೆ ಅಷ್ಟಾಗಿ ಆಹಾರವಲ್ಲ. ಅದು ಮೇಯುವುದು ಮೇಲೆ ಕೂತ ಧೂಳನ್ನು, ನಮ್ಮ ಬೆರಳಿನ ಎಣ್ಣೆಯಂಶವನ್ನು, ಹೊರಗೆ ಒಸರಿದ ಆ ಮೆದುಕಾರಕವನ್ನು. ಗಾಳಿಯ ತೇವಾಂಶ ಸುಮಾರು 65–70 ಶೇಕಡವನ್ನು ಮೀರಿ ಹಲವು ದಿನ ನಿಂತರೆ ಬೂಷ್ಟು ಏಳುತ್ತದೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಕಾಣುವ ಮಡಿಕೇರಿಯಲ್ಲಿ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಆ ತೇವಾಂಶ 90ನ್ನು ದಾಟಿ ವಾರಗಟ್ಟಲೆ ಅಲ್ಲೇ ಇರುತ್ತದೆ. ಚಪ್ಪಲಿ, ಬೆಲ್ಟ್, ಕನ್ನಡಕದ ಡಬ್ಬಿಗಳಿಗೆಲ್ಲ ಹಿಡಿಯುವ ಅದೇ ಬೂಷ್ಟು ಫಿಗರಿಗೂ ಹಿಡಿದಿದೆ. ಶುಚಿಯಾಗಿರುವ ಫಿಗರಿಗೆ ಅದು ನಿಧಾನವಾಗಿಯೂ, ಧೂಳು ಕೂತು ಅಂಟಾದದ್ದಕ್ಕೆ ಬೇಗನೆಯೂ ಹಿಡಿಯುತ್ತದೆ ಎಂಬುದನ್ನು ನನ್ನ ಕಪಾಟಿನಲ್ಲಿಯೇ ಪಕ್ಕಪಕ್ಕದಲ್ಲಿ ಕಂಡಿದ್ದೇನೆ.

ವಾಲಿದ್ದಕ್ಕೆ ಮಾತ್ರ ಮಳೆ ಕಾರಣವೇ ಅಲ್ಲ. ಅದು ಶಾಖದ ಕೆಲಸ. ಮೆದುಗೊಳಿಸಿದ ಪಿವಿಸಿ ಬೆಚ್ಚಗಾದಷ್ಟೂ ಸಡಿಲವಾಗುತ್ತದೆ. ಇಡೀ ದೇಹದ ಭಾರವನ್ನು ಒಂದೇ ಹಿಮ್ಮಡಿ ಹೊತ್ತಿರುವ ಭಂಗಿಯಾದರೆ ಆ ಹಿಮ್ಮಡಿ ದಿನಕ್ಕಿಷ್ಟೆಂದು ಬಗ್ಗುತ್ತಾ ಬರುತ್ತದೆ. ಕೊಡಗಿನ ಹವೆ ಈ ಒಂದು ವಿಷಯದಲ್ಲಿ ನಮ್ಮ ಪರವಾಗಿದೆ. ಬಯಲುಸೀಮೆಯ ಏಪ್ರಿಲ್‌ನಲ್ಲಿ ವಾಲುವ ಫಿಗರ್‌ಗಳು ಮಡಿಕೇರಿಯಲ್ಲಿ ನೆಟ್ಟಗೇ ನಿಲ್ಲುತ್ತವೆ. ಆದರೆ ಥಂಡಿಗೆ ಹೆದರಿ ನಾವೇ ಅವನ್ನು ಬೆಂಕಿಯ ಬಳಿ ಒಯ್ಯುತ್ತೇವೆ. ನನ್ನ ಮೊದಲ ಮಳೆಗಾಲದಲ್ಲಿ ನಾನೂ ಹಾಗೆಯೇ ಮಾಡಿದ್ದೆ. ನಮ್ಮ ಹಳೆಯ ಅಡುಗೆಮನೆಯಲ್ಲಿ ಒಲೆಯ ಮೇಲೆ ಹಂದಿಮಾಂಸ ಒಣಗಿಸುವ ಅಟ್ಟವಿದೆ. ಇಡೀ ಮನೆಯಲ್ಲಿ ಥಂಡಿ ತಟ್ಟದ ಜಾಗ ಅದೊಂದೇ ಎಂದುಕೊಂಡು ಲಿಂಕ್‌ನನ್ನು ಅದರ ಮೂಲೆಯಲ್ಲಿ ನಿಲ್ಲಿಸಿದೆ. ಹತ್ತು ದಿನಗಳ ನಂತರ ಇಳಿಸಿ ನೋಡಿದಾಗ ಕತ್ತಿಯ ತುದಿ ನೆಲ ನೋಡುತ್ತಿತ್ತು. ನೀಲಿ ಅಂಗಿಯ ಮೇಲೆ ಕಂದು ಬಣ್ಣದ ಹೊಗೆಯ ಜಿಡ್ಡು ಕೂತು, ಎದೆಯ ಮೇಲಿನ ಬಿಳಿ ಗೆರೆಗಳು ಚಹಾ ಚೆಲ್ಲಿದಂತೆ ಕಾಣುತ್ತಿದ್ದವು. ಕತ್ತಿಯನ್ನು ನೆಟ್ಟಗೆ ಮಾಡಿಕೊಂಡೆ. ಬಿಳಿ ಗೆರೆಗಳು ಮೊದಲಿನಂತೆ ಆಗಲೇ ಇಲ್ಲ.

ಈಗ ಮಾಡಬೇಕಾದದ್ದು. ಬೂಷ್ಟು ಹಿಡಿದ ಫಿಗರನ್ನು ಜಗಲಿಗೆ ತಂದು, ಮೂಗಿಗೆ ಮಾಸ್ಕ್ ಹಾಕಿಕೊಂಡು, ಮುಖಕ್ಕೆ ಪೌಡರ್ ಹಚ್ಚುವ ಮೆತ್ತನೆಯ ಬ್ರಷ್‌ನಿಂದ ಒಣಗಿದ್ದಂತೆಯೇ ಒಮ್ಮೆ ಉದುರಿಸಿ. ಆಮೇಲೆ ಪೀಠದಿಂದ ಬಿಡಿಸಿ, ಬಿಚ್ಚಲು ಬರುವ ಕತ್ತಿ, ಗುರಾಣಿಗಳನ್ನು ತೆಗೆದಿಟ್ಟು, ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ದ್ರವವನ್ನು ನಾಲ್ಕೈದು ಹನಿ ಹಾಕಿ, ಮಕ್ಕಳ ಹಲ್ಲುಜ್ಜುವ ಬ್ರಷ್‌ನಿಂದ ಮಡಿಕೆಗಳ ಒಳಗೆಲ್ಲ ಹಗುರವಾಗಿ ತೊಳೆಯಿರಿ. ಅಂಟಿಗೂ ಇದೇ ಸ್ನಾನ ಸಾಕು. ಕಣ್ಣುಗಳನ್ನು ಮಾತ್ರ ಬ್ರಷ್ ತಾಗಿಸದೆ ಬೆರಳಿನಿಂದಲೇ ಒರೆಸಿ, ಏಕೆಂದರೆ ಅವು ಅಚ್ಚೊತ್ತಿದ ತೆಳುವಾದ ಬಣ್ಣದ ಪದರಗಳು. ಸ್ಪಿರಿಟ್, ಥಿನ್ನರ್, ಉಗುರುಬಣ್ಣ ತೆಗೆಯುವ ದ್ರವಗಳನ್ನು ಹತ್ತಿರವೂ ಸುಳಿಯಗೊಡಬೇಡಿ; ಅವು ಬೂಷ್ಟಿನೊಂದಿಗೆ ಬಣ್ಣವನ್ನೂ ಎತ್ತಿಬಿಡುತ್ತವೆ. ಒಳಗೆ ದೀಪವಿರುವ ಫಿಗರಾದರೆ ನೀರಿಗೆ ಇಳಿಸಬೇಡಿ. ತೊಳೆದಾದ ಮೇಲೆ ಟೊಳ್ಳು ಭಾಗಗಳಲ್ಲಿ ನಿಂತ ನೀರನ್ನು ಅಲುಗಿಸಿ ತೆಗೆದು, ಫ್ಯಾನಿನ ಕೆಳಗೆ ಒಂದು ಹಗಲು ಒಂದು ರಾತ್ರಿ ಪೂರ್ತಿ ಬಿಡಿ. ಅಪರೂಪಕ್ಕೆ ಬಿಸಿಲು ಬಿದ್ದ ದಿನ ಹಾಸಿಗೆ, ಕಂಬಳಿಗಳೊಂದಿಗೆ ಇದನ್ನೂ ಅಂಗಳಕ್ಕೆ ತರುವ ಆಸೆಯಾಗುತ್ತದೆ, ಬೇಡ. ಬಿಸಿಲಿನಲ್ಲಿರುವ ನೇರಳಾತೀತ ಕಿರಣಗಳು ಬಿಳಿಯನ್ನೂ ಚರ್ಮದ ಬಣ್ಣವನ್ನೂ ಹಳದಿಗೆ ತಿರುಗಿಸುತ್ತವೆ.

ವಾಲಿದ್ದನ್ನು ಸರಿಪಡಿಸಲು ಅದೇ ಶಾಖವನ್ನು ಹಿಡಿತದಲ್ಲಿಟ್ಟು ಬಳಸಬೇಕು. ಕೈ ಇಡಲಾಗದಷ್ಟು ಬಿಸಿಯಾದ, ಆದರೆ ಕುದಿಯದ ನೀರಿನಲ್ಲಿ ಆ ಕಾಲಿನ ಭಾಗವನ್ನು ಒಂದೆರಡು ನಿಮಿಷ ಮುಳುಗಿಸಿ, ಮೆತ್ತಗಾದ ಕೂಡಲೇ ಬೇಕಾದ ಕೋನಕ್ಕೆ ತಂದು, ಹಿಡಿದ ಕೈ ಬಿಡದೆಯೇ ತಣ್ಣೀರಿಗೆ ಅದ್ದಿ. ಒಂದೇ ಸಲಕ್ಕೆ ನೆಟ್ಟಗಾಗದಿದ್ದರೆ ಎರಡನೆಯ ಬಾರಿ ಮಾಡಿ; ಒತ್ತಾಯಿಸಿ ಬಗ್ಗಿಸಿದರೆ ಹಿಮ್ಮಡಿಯ ಬಣ್ಣ ಬಿರುಕು ಬಿಡುತ್ತದೆ. ಆಮೇಲೆ ಬೆನ್ನ ಹಿಂದೆ ಒಂದು ಪಾರದರ್ಶಕ ಅಕ್ರಿಲಿಕ್ ಕಡ್ಡಿಯ ಆಸರೆ ಕೊಟ್ಟರೆ ಮತ್ತೆ ವಾಲುವುದಿಲ್ಲ.

ಮುಂದಿನ ಮಳೆಗಾಲಕ್ಕೆ ಗಾಜಿನ ಬಾಗಿಲಿರುವ, ಸಂದುಗಳಿಗೆ ರಬ್ಬರ್ ಪಟ್ಟಿ ಅಂಟಿಸಿದ ಒಂದು ಸಣ್ಣ ಕಪಾಟು, ತೇವಾಂಶ ತೋರಿಸುವ ಒಂದು ಪುಟ್ಟ ಮಾಪಕ, ಅರ್ಧ ಕಿಲೊ ಸಿಲಿಕಾ ಜೆಲ್, ಇಷ್ಟು ಹೊಂದಿಸಿಕೊಳ್ಳಿ. ಮಾಪಕದ ಮುಳ್ಳು 45ರಿಂದ 55ರ ನಡುವೆ ನಿಂತರೆ ಸಾಕು. ನೀಲಿಯಿಂದ ಗುಲಾಬಿಗೆ ತಿರುಗುವ ಜೆಲ್ ಹರಳುಗಳಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಅದು ವಿಷಕಾರಿ. ಕಿತ್ತಳೆಯಿಂದ ಹಸಿರಿಗೆ ತಿರುಗುವುದನ್ನೇ ಕೇಳಿ ಕೊಳ್ಳಿ. ಬಣ್ಣ ತಿರುಗಿದ ಹರಳುಗಳನ್ನು ಅಡುಗೆಗೆ ಬಳಸದ ತಟ್ಟೆಯಲ್ಲಿ ಹರಡಿ, ಸುಮಾರು 120 ಡಿಗ್ರಿ ಶಾಖದ ಓವನ್‌ನಲ್ಲಿಟ್ಟರೆ ಮತ್ತೆ ಕೆಲಸಕ್ಕೆ ಬರುತ್ತವೆ. ತೆರೆದ ಷೋಕೇಸಿನಲ್ಲಿ ಇಟ್ಟ ಜೆಲ್ ಇಡೀ ಕೋಣೆಯ ತೇವವನ್ನು ಹೀರಲು ಹೊರಟು ಒಂದೇ ದಿನದಲ್ಲಿ ಸೋಲುತ್ತದೆ. ಅನುಕೂಲವಿದ್ದವರು ಕ್ಯಾಮೆರಾ ಇಡುವ ವಿದ್ಯುತ್ ಡ್ರೈ ಕ್ಯಾಬಿನೆಟ್ ಕೊಳ್ಳಬಹುದು. ಆದರೆ ಮರ ಬಿದ್ದು ನಾಲ್ಕು ದಿನ ಕರೆಂಟ್ ಇಲ್ಲದಿದ್ದಾಗ ಕೈಹಿಡಿಯುವುದು ಜೆಲ್ಲೇ. ಬಟ್ಟೆಯ ಅಲಮಾರಿಯಲ್ಲಿ ಥಂಡಿಗೆಂದು ಉರಿಸುವ ಬಲ್ಬಿನ ಉಪಾಯ ಬಟ್ಟೆಗೆ ಮಾತ್ರ ಸರಿ, ಫಿಗರಿಗೆ ಬೇಡ.

ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್ ಮುಹೂರ್ತಕ್ಕೆ ಮನೆಯ ಕೋವಿ, ಕತ್ತಿಗಳನ್ನು ಇಳಿಸಿ ಒರೆಸುತ್ತೇವಲ್ಲ, ವರ್ಷದ ದೊಡ್ಡ ಸ್ನಾನವನ್ನು ನನ್ನ ಫಿಗರ್‌ಗಳಿಗೂ ಆ ವಾರವೇ ಮಾಡಿಸುತ್ತೇನೆ. ಮಳೆಯ ಆರ್ಭಟ ಇಳಿದಿರುತ್ತದೆ, ಬೂಷ್ಟು ಹಿಡಿದಿದ್ದರೆ ಆಗಲೇ ಕಣ್ಣಿಗೆ ಬೀಳುತ್ತದೆ. ಒಂದೇ ಎಚ್ಚರಿಕೆ: ಕತ್ತಿಗೆ ಹಚ್ಚುವ ಎಣ್ಣೆಯ ಬಟ್ಟೆಯಿಂದ ಫಿಗರನ್ನು ಒರೆಸಬೇಡಿ. ಪೀಠದ ಅಡಿಯಲ್ಲಿರುವ ಕಬ್ಬಿಣದ ಸ್ಕ್ರೂಗಳಿಗೆ ತುಕ್ಕು ಹಿಡಿದಿದೆಯೇ ಎಂದು ಆಗಲೇ ತಿರುಗಿಸಿ ನೋಡಿಬಿಡಿ.

ಪ್ರಶ್ನೆ: ಜಪಾನಿನ ಅಂಗಡಿಯಿಂದ ತರಿಸಿದ ಫಿಗರಿಗೆ ಅಂಚೆಯವರು ಬಾಗಿಲಲ್ಲಿ ಕೇಳಿದ ಸುಂಕ ನೋಡಿ ಗಾಬರಿಯಾಯಿತು. ಇದು ಸರಿಯಾದ ಲೆಕ್ಕವೇ? ಮುಂದಿನ ಬಾರಿ ‘ಉಡುಗೊರೆ’ ಎಂದು ಬರೆಸಿದರೆ ಉಳಿಯುತ್ತದೆಯೇ? – ಕುಶಾಲನಗರದ ಓದುಗರು

ಉತ್ತರ: ಗಾಬರಿ ಸಹಜ. ಆಟಿಕೆಗಳ ಮೇಲಿನ ಮೂಲ ಆಮದು ಸುಂಕವನ್ನು 2020ರಲ್ಲಿ 20ರಿಂದ 60 ಶೇಕಡಕ್ಕೂ, 2023ರಲ್ಲಿ 60ರಿಂದ 70ಕ್ಕೂ ಏರಿಸಲಾಯಿತು. ಬಜೆಟ್ಟಿನಿಂದ ಬಜೆಟ್ಟಿಗೆ ಈ ದರಗಳು ಬದಲಾಗುವುದರಿಂದ ಆರ್ಡರ್ ಕೊಡುವ ದಿನದ ದರವನ್ನೇ ನೋಡಬೇಕು. ಸುಂಕ ಬೀಳುವುದು ಫಿಗರಿನ ಬೆಲೆಯ ಮೇಲೆ ಮಾತ್ರವಲ್ಲ, ಸಾಗಣೆ ವೆಚ್ಚವೂ ಸೇರಿದ ಮೊತ್ತದ ಮೇಲೆ. ಅದರ ಮೇಲೆ ಜಿಎಸ್‌ಟಿ ಬೇರೆ. ಫಿಗರನ್ನು ಆಟಿಕೆ ಎಂದು ಎಣಿಸಬೇಕೇ, ಪ್ಲಾಸ್ಟಿಕ್ಕಿನ ಅಲಂಕಾರಿಕ ಪ್ರತಿಮೆ ಎಂದು ಎಣಿಸಬೇಕೇ ಎಂಬುದನ್ನು ತೀರ್ಮಾನಿಸುವವರು ಕಸ್ಟಮ್ಸ್‌ನವರು, ಮತ್ತು ಎರಡು ವರ್ಗಗಳ ದರ ಒಂದೇ ಅಲ್ಲ. ನಾನು ಫಿಗರಿನ ಬೆಲೆ, ಸಾಗಣೆ ಎರಡನ್ನೂ ಕೂಡಿಸಿ ಬಂದ ಮೊತ್ತದಷ್ಟೇ ಹಣವನ್ನು ಮತ್ತೊಮ್ಮೆ ಕೈಯಲ್ಲಿಟ್ಟುಕೊಳ್ಳದೆ ಆರ್ಡರ್ ಕೊಡುವುದಿಲ್ಲ.

ಉಡುಗೊರೆಯೆಂದು ಬರೆಸಬೇಡಿ. 2019ರ ಡಿಸೆಂಬರ್‌ನಿಂದ ವಿದೇಶದಿಂದ ಬರುವ ಉಡುಗೊರೆಗಳಿಗಿದ್ದ ಸುಂಕದ ವಿನಾಯಿತಿಯೇ ಇಲ್ಲವಾಗಿದೆ. ರಾಖಿ ಮತ್ತು ಜೀವರಕ್ಷಕ ಔಷಧಗಳಿಗಷ್ಟೇ ಬೇರೆ ನಿಯಮ. ಬೆಲೆ ಇಳಿಸಿ ಬರೆಸಿದ ಪಾರ್ಸೆಲ್ ಸಿಕ್ಕಿಬಿದ್ದರೆ ದಂಡ ಬೀಳುತ್ತದೆ, ದಾರಿಯಲ್ಲಿ ಒಡೆದರೆ ವಿಮೆಯ ಹಣವೂ ಇಳಿಸಿದ ಬೆಲೆಗಷ್ಟೇ ಬರುತ್ತದೆ.

ಇನ್ನು ತಲುಪುವ ಕಾಲದ ಬಗ್ಗೆ ಒಂದು ಮಾತು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ರಸ್ತೆ ಮುಚ್ಚಿಹೋದದ್ದನ್ನು ನಾವು ಯಾರೂ ಮರೆತಿಲ್ಲ. ಪೆಟ್ಟಿಗೆ ಜೂನ್‌ನಿಂದ ಆಗಸ್ಟ್‌ವರೆಗೆ ಬಾರದಂತೆ, ಸಾಧ್ಯವಿದ್ದರೆ ಅಂಗಡಿಯವರ ಬಳಿಯೇ ಕೆಲವು ವಾರ ಇರಿಸಿಕೊಳ್ಳುವಂತೆ ಕೇಳಿ. ತೋಟದ ಮನೆಗೆ ಕೊರಿಯರ್ ಬಾರದ ಊರಾದರೆ ಪೇಟೆಯಲ್ಲಿ ಗುರುತಿನ ಅಂಗಡಿಯ ವಿಳಾಸ ಕೊಡುವುದು ಒಳ್ಳೆಯದು. ಅಂಚೆಯಾದರೆ ಹೇಗೂ ತೋಟದವರೆಗೆ ಬರುತ್ತದೆ.

ಪ್ರಶ್ನೆ: ಅಂಗಡಿಯ ಬೆಲೆಯ ಕಾಲು ಭಾಗಕ್ಕೆ ಲಿಂಕ್‌ನ ಫಿಗ್ಮಾ ಒಂದು ಆನ್‌ಲೈನಿನಲ್ಲಿ ಕಾಣುತ್ತಿದೆ. ಕೊಳ್ಳಬಹುದೇ? – ಸೋಮವಾರಪೇಟೆಯ ಓದುಗ

ಉತ್ತರ: ಬೇಡ. ಹೊಸದು ಎಂದು ಹೇಳಿ ಅಷ್ಟು ಕಡಿಮೆಗೆ ಕೊಡುವುದು ನಕಲಿಯೇ. ನೆಂಡೊರಾಯ್ಡ್, ಫಿಗ್ಮಾಗಳ ನಕಲಿಗಳ ಬಗ್ಗೆ ಗುಡ್ ಸ್ಮೈಲ್ ಸಂಸ್ಥೆಯೇ ಎಚ್ಚರಿಕೆ ನೀಡಿದೆ. ಪೆಟ್ಟಿಗೆಯ ಮೇಲೆ ತಯಾರಕರ ಹೆಸರು ಮತ್ತು ನಿಂಟೆಂಡೊ ಹಕ್ಕುಸ್ವಾಮ್ಯದ ಸಾಲು ಇರಬೇಕು. ಮಾರುವವರ ಚಿತ್ರಗಳಲ್ಲಿ ಪೆಟ್ಟಿಗೆಯೇ ಇಲ್ಲದಿದ್ದರೆ ಅದೇ ಮೊದಲ ಗುರುತು. ಕೈಗೆ ಬಂದ ಮೇಲೆ ತಿಳಿಯುವ ಗುರುತುಗಳು ಬೇರೆ: ಎಣ್ಣೆ ಹಚ್ಚಿದಂತೆ ಹೊಳೆಯುವ ಮುಖ, ಒಂದು ಕಣ್ಣು ಕೂದಲೆಳೆಯಷ್ಟು ಮೇಲೆ ಕೂತಿರುವುದು, ಅಚ್ಚಿನ ಎರಡು ಹೋಳು ಸೇರಿದ ಗೆರೆ ತೋಳಿನುದ್ದಕ್ಕೂ ಕಾಣುವುದು, ಕೈಯಲ್ಲಿ ಕೂರದೆ ಜಾರುವ ಕತ್ತಿ, ಮೂಗಿಗೆ ಬಡಿಯುವ ಘಾಟು. ಆ ಬಣ್ಣದಲ್ಲಿ ಏನು ಬೆರೆತಿದೆಯೆಂದು ಯಾರೂ ಪರೀಕ್ಷಿಸಿರುವುದಿಲ್ಲ.

ಹಣ ಕಡಿಮೆಯಿದ್ದರೆ ಜಪಾನಿನ ಬಳಸಿದ ವಸ್ತುಗಳ ಅಂಗಡಿಗಳತ್ತ ನೋಡಿ. ಅಮಿಯಾಮಿಯಂಥ ಅಂಗಡಿಯಲ್ಲಿ ಫಿಗರಿನ ಸ್ಥಿತಿಗೂ ಪೆಟ್ಟಿಗೆಯ ಸ್ಥಿತಿಗೂ ಬೇರೆ ಬೇರೆ ದರ್ಜೆ ಕೊಟ್ಟಿರುತ್ತಾರೆ. ಪೆಟ್ಟಿಗೆ ಜಜ್ಜಿಹೋಗಿ ಫಿಗರ್ ಚೆನ್ನಾಗಿರುವುದನ್ನು ಆರಿಸಿದರೆ ಒಳ್ಳೆಯ ಉಳಿತಾಯವಾಗುತ್ತದೆ.

ಪ್ರಶ್ನೆ: ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನನ್ನ ಮಗ ಸಂಬಳದಲ್ಲಿ ಇಂಥ ಬೊಂಬೆಗಳನ್ನು ತರಿಸಿ, ನಮ್ಮ ಷೋಕೇಸಿನಲ್ಲಿ ನನ್ನ ಮಾವನವರು ಗೆದ್ದ ಹಾಕಿ ಕಪ್‌ಗಳು ಮತ್ತು ಬೆಳ್ಳಿಯ ಪೀಚೆಕತ್ತಿಯ (ಕೊಡವರು ಸೊಂಟಕ್ಕೆ ಸಿಕ್ಕಿಸುವ ಕಠಾರಿ) ಪಕ್ಕದಲ್ಲಿ ನಿಲ್ಲಿಸಿದ್ದಾನೆ. ಇದು ದುಂದುವೆಚ್ಚವಲ್ಲವೇ? ರಜೆಗೆ ಬರುವ ಐದು ವರ್ಷದ ಮೊಮ್ಮಗ ಬೇರೆ ಅದಕ್ಕೇ ಕೈ ಹಾಕುತ್ತಾನೆ. – ಗೋಣಿಕೊಪ್ಪದ ತಾಯಿಯೊಬ್ಬರು

ಉತ್ತರ: ಅಮ್ಮಾ, ನಿಮ್ಮ ಪತ್ರವನ್ನು ಎರಡು ಬಾರಿ ಓದಿದೆ. ಷೋಕೇಸಿನ ಬಗ್ಗೆ ನೀವು ಹೇಳುತ್ತಿರುವುದು ಸರಿ. ಅದಕ್ಕೆ ನೀವು ಹೇಳದ ಇನ್ನೊಂದು ಕಾರಣವೂ ಇದೆ. ಪಿವಿಸಿ ಹಳೆಯದಾಗಿ ಶಿಥಿಲವಾಗತೊಡಗಿದರೆ ಹೈಡ್ರೋಜನ್ ಕ್ಲೋರೈಡ್ ಎಂಬ ಆಮ್ಲೀಯ ಅನಿಲವನ್ನು ಬಿಡುತ್ತದೆ, ಅದು ಲೋಹವನ್ನು ತಿನ್ನುತ್ತದೆ. ವಸ್ತುಸಂಗ್ರಹಾಲಯಗಳಲ್ಲಿ ಪಿವಿಸಿ ವಸ್ತುಗಳನ್ನು ಲೋಹದ ವಸ್ತುಗಳಿಂದ ದೂರವಿಡುವುದು ಇದಕ್ಕಾಗಿಯೇ. ಹೊಸ ಫಿಗರಿನಿಂದ ನಾಳೆಯೇ ಏನೂ ಆಗುವುದಿಲ್ಲ. ಆದರೂ ಮುಚ್ಚಿದ ಒಂದೇ ಗಾಜಿನೊಳಗೆ ವರ್ಷಗಟ್ಟಲೆ ಪೀಚೆಕತ್ತಿಯ ಬೆಳ್ಳಿಯೊಂದಿಗೆ ಅದು ಇರಬಾರದು. ಮಗನಿಗೆ ಬೇರೆ ಕಪಾಟು ಮಾಡಿಸಿಕೊಳ್ಳಲು ಹೇಳಿ.

ದುಂದುವೆಚ್ಚವೇ ಎಂಬ ಪ್ರಶ್ನೆಗೆ, ಆ ಬೊಂಬೆ ಹೇಗಾಗುತ್ತದೆ ಎಂಬುದನ್ನು ಹೇಳಿ ಉತ್ತರಿಸುವೆ. ಶಿಲ್ಪಿಯೊಬ್ಬರು ಮಣ್ಣಿನಂಥ ವಸ್ತುವಿನಲ್ಲಿ, ಈಗೀಗ ಹೆಚ್ಚಾಗಿ ಕಂಪ್ಯೂಟರಿನಲ್ಲಿ, ಮೂಲಮೂರ್ತಿಯನ್ನು ರೂಪಿಸುತ್ತಾರೆ. ಆಟದ ಹಕ್ಕುದಾರರು ಅದನ್ನು ನೋಡಿ, ತಿದ್ದಿಸಿ ಒಪ್ಪಿದ ಮೇಲೆ ಇನ್ನೊಬ್ಬರು ಬಣ್ಣದ ಮಾದರಿ ತಯಾರಿಸುತ್ತಾರೆ. ಆಮೇಲೆ ಮೂರ್ತಿಯನ್ನು ಹತ್ತಾರು ತುಂಡುಗಳಾಗಿ ಬಿಡಿಸಿ, ತುಂಡು ತುಂಡಿಗೂ ಉಕ್ಕಿನ ಅಚ್ಚು ಕೊರೆದು, ಎರಕ ಹೊಯ್ದು, ಬಣ್ಣದ ಕೆಲಸದಲ್ಲಿ ಬಹುಪಾಲನ್ನು ಕಾರ್ಮಿಕರು ಕೈಯಿಂದಲೇ ಮಾಡಿ ಜೋಡಿಸುತ್ತಾರೆ. ಹೆಚ್ಚಿನ ತಯಾರಿಕೆ ಚೀನಾದಲ್ಲಿ ನಡೆದರೂ, ಗುಡ್ ಸ್ಮೈಲ್ ಜಪಾನಿನ ಟೊಟ್ಟೊರಿ ಪ್ರಾಂತ್ಯದ ಕುರಾಯೊಶಿಯಲ್ಲಿ ಸ್ವಂತ ಕಾರ್ಖಾನೆ ನಡೆಸುತ್ತಿದೆ. ನಿಮ್ಮ ಪೀಚೆಕತ್ತಿಯ ಹಿಡಿಗೆ ಬೆಳ್ಳಿಯ ಕೆಲಸ ಮಾಡಿದವರ ಕೈಚಳಕವನ್ನು ಬಲ್ಲ ನೀವು, ಈ ಬೊಂಬೆಯ ಅಂಗಿಯ ಹೊಲಿಗೆಯ ಗೆರೆಯನ್ನು ಒಮ್ಮೆ ಕನ್ನಡಕ ಹಾಕಿಕೊಂಡು ನೋಡಬೇಕೆಂದು ಕೋರುತ್ತೇನೆ.

ಲಿಂಕ್ ಎಂಬ ಪಾತ್ರವಿರುವ ಈ ಆಟಮಾಲೆ 1986ರಲ್ಲಿ ಆರಂಭವಾಯಿತು. ಅದನ್ನು ರೂಪಿಸಿದವರಲ್ಲಿ ಪ್ರಮುಖರಾದ ಶಿಗೆರು ಮಿಯಾಮೊಟೊ ಅವರು ಕ್ಯೋಟೊ ಬಳಿಯ ಸೊನೊಬೆಯಲ್ಲಿ ಬೆಳೆದವರು; ಬಾಲ್ಯದಲ್ಲಿ ಅಲ್ಲಿನ ಗುಡ್ಡ, ಕಾಡು, ಗುಹೆಗಳಲ್ಲಿ ಅಲೆದ ಅನುಭವವೇ ಈ ಆಟಕ್ಕೆ ಮೂಲವೆಂದು ಹೇಳಿಕೊಂಡಿದ್ದಾರೆ. ಕೊಡಗಿನಲ್ಲಿ ಹುಟ್ಟಿ ಬೆಂಗಳೂರಿನ ಬಾಡಿಗೆ ಕೋಣೆಯಲ್ಲಿರುವ ನಿಮ್ಮ ಮಗನಿಗೆ, ಗುಡ್ಡ ಹತ್ತಿ ಹೊಳೆ ದಾಟುವ ಆ ಹುಡುಗ ಏಕೆ ಪ್ರಿಯನಾದನೆಂಬುದು ನನಗಂತೂ ಅರ್ಥವಾಗುತ್ತದೆ.

ಹಾಗೆಂದು ಖರ್ಚಿಗೆ ಮಿತಿ ಬೇಡವೆಂದು ಹೇಳಲಾರೆ. ಮುಂದೆ ಬೆಲೆ ಏರುತ್ತದೆ, ಇದೂ ಒಂದು ಹೂಡಿಕೆ ಎಂದು ಅವನು ಹೇಳಿದರೆ ನಂಬಬೇಡಿ. ತಯಾರಕರು ಅದೇ ಫಿಗರನ್ನು ಮರುಮುದ್ರಣದಂತೆ ಮತ್ತೆ ಹೊರತಂದ ದಿನ ಹಳೆಯದರ ಬೆಲೆ ಇಳಿದುಬಿಡುತ್ತದೆ. ಸಾಲ ಮಾಡದೆ, ಮನೆಗೆ ಕೊಡುವುದನ್ನು ಕೊಟ್ಟು, ವರ್ಷಕ್ಕೆ ಒಂದನ್ನು ಬಯಸಿ ಬಯಸಿ ಕೊಳ್ಳುತ್ತಿದ್ದರೆ ಅದು ದುಂದಲ್ಲ. ಮೂರು ಕಂತುಗಳು ಒಟ್ಟಿಗೆ ನಡೆಯುತ್ತಿದ್ದರೆ ಎದುರು ಕೂರಿಸಿಕೊಂಡು ಮಾತಾಡಿ.

ಮೊಮ್ಮಗನ ಕೈಗೆ ಮಾತ್ರ ಕೊ‌ಡಬೇಡಿ. ಪೆಟ್ಟಿಗೆಯ ಮೇಲೆ ಸಾಮಾನ್ಯವಾಗಿ 15 ವರ್ಷ ಮೇಲ್ಪಟ್ಟವರಿಗೆ ಎಂದೇ ಬರೆದಿರುತ್ತದೆ. ಕತ್ತಿಯ ಮೊನೆ ಕಣ್ಣಿಗೆ ತಾಗಬಹುದು, ಸಣ್ಣ ತುಂಡುಗಳು ಬಾಯಿಗೆ ಹೋಗಬಹುದು. ಬೀಗವಿರುವ ಕಪಾಟು ಮಾಡಿಸಲು ಇದೂ ಒಂದು ಕಾರಣ.

ಪ್ರಶ್ನೆ: ಖಾಲಿ ಪೆಟ್ಟಿಗೆಗಳನ್ನು ಇಟ್ಟುಕೊಳ್ಳಲೇಬೇಕೇ? ನಮ್ಮ ಅಟ್ಟದಲ್ಲಿ ಅವೆಲ್ಲ ಮೆತ್ತಗಾಗಿ ಹುಳು ಬಿದ್ದಿವೆ. – ಸಿದ್ದಾಪುರದ ಓದುಗರು

ಉತ್ತರ: ಮುಂದೆ ಮಾರುವ ಯೋಚನೆಯಿದ್ದರೆ, ಮನೆ ಬದಲಿಸುವ ಸಾಧ್ಯತೆಯಿದ್ದರೆ ಇಟ್ಟುಕೊಳ್ಳಬೇಕು. ಒಳಗಿನ ಪಾರದರ್ಶಕ ಅಚ್ಚಿನ ತಟ್ಟೆಯೇ ಮುಖ್ಯ, ಏಕೆಂದರೆ ಆ ಫಿಗರಿನ ಮೈಕಟ್ಟಿಗೆ ಹೊಂದುವ ಇನ್ನೊಂದು ತಟ್ಟೆ ಎಲ್ಲೂ ಸಿಗುವುದಿಲ್ಲ. ಅದನ್ನು ತೊಳೆದು ಒಣಗಿಸಿ, ಯಾವ ಫಿಗರಿನದೆಂದು ಚೀಟಿ ಅಂಟಿಸಿಡಿ. ರಟ್ಟಿನ ಹೊರಪೆಟ್ಟಿಗೆಯ ಅಂಟು ಬಿಡಿಸಿ ಚಪ್ಪಟೆ ಮಾಡಿ, ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬದಲ್ಲಿ ಒಂದು ಪೊಟ್ಟಣ ಸಿಲಿಕಾ ಜೆಲ್‌ನೊಂದಿಗೆ ಇಟ್ಟರೆ ಹತ್ತು ಪೆಟ್ಟಿಗೆಗಳು ಒಂದರ ಜಾಗದಲ್ಲಿ ಕೂರುತ್ತವೆ. ಈ ಕೆಲಸವನ್ನು ಕಾಫಿ ಕುಯ್ಲಿನ ಕಾಲದಲ್ಲಿ, ಡಿಸೆಂಬರ್‌ನಿಂದ ಫೆಬ್ರವರಿಯೊಳಗೆ ಮಾಡಿ. ಕಣದಲ್ಲಿ ಕಾಫಿ ಒಣಗುವ ಆ ದಿನಗಳಲ್ಲಿ ರಟ್ಟೂ ಗರಿಗರಿಯಾಗಿ ಒಣಗಿರುತ್ತದೆ. ಜೂನ್‌ನಲ್ಲಿ ಡಬ್ಬದೊಳಗೆ ಹಾಕಿದರೆ ತೇವವನ್ನೂ ಒಳಗೇ ಸೇರಿಸಿ ಮುಚ್ಚಿದಂತಾಗುತ್ತದೆ. ಹುಳು ಬಿದ್ದವನ್ನು ಮಾತ್ರ ಡಬ್ಬಕ್ಕೆ ಸೇರಿಸದೆ ಸುಟ್ಟುಬಿಡಿ.